ಪ್ರಶ್ನೆ ಕೇಳುವವರೂ ಉತ್ತರ ಕೊಡಲಿ

ಮಾನ್ಯ ಸಂಪಾದಕರೇ,

ಸಣ್ಣ ಉದ್ದಿಮೆಗಳೂ ‘ಇಎಸ್‌ಜಿ’ಗೆ, ಅಂದರೆ ಪರಿಸರ, ಸಾಮಾಜಿಕ ಹೊಣೆ ಮತ್ತು ಆಡಳಿತದ ಶಿಸ್ತಿಗೆ ಒಗ್ಗಿಕೊಳ್ಳಬೇಕೆಂಬ ಬರಹಗಳನ್ನು ನಿಮ್ಮ ವಾಣಿಜ್ಯ ಪುಟದಲ್ಲಿ ಆಗಾಗ ಓದುತ್ತಿದ್ದೇನೆ. ನಾನು ಯಂತ್ರಗಳ ಬಿಡಿಭಾಗ ತಯಾರಿಸುವವನು. ಐದು ಲೇತ್, ಎರಡು ಮಿಲ್ಲಿಂಗ್ ಯಂತ್ರ, 19 ಮಂದಿ ಕೆಲಸಗಾರರು. ಒಗ್ಗಿಕೊಳ್ಳಲು ಹೊರಟವನ ಅನುಭವವೂ ಒಂದಿಷ್ಟು ಅಚ್ಚಾಗಲಿ ಎಂದು ಈ ಪತ್ರ.

ಕಳೆದ ವರ್ಷ ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯೊಂದು 186 ಪ್ರಶ್ನೆಗಳ ಎಕ್ಸೆಲ್ ಹಾಳೆ ಕಳುಹಿಸಿತು. ಹತ್ತು ದಿನದೊಳಗೆ ತುಂಬಿ ಕೊಡಬೇಕು. ನಾಲ್ಕನೆಯ ಪ್ರಶ್ನೆ: ನಿಮ್ಮ ಆಡಳಿತ ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರು ಎಷ್ಟು ಮಂದಿ? ನಮ್ಮ ಆಡಳಿತ ಮಂಡಳಿ ಎಂದರೆ ನಾನು ಮತ್ತು ಲೆಕ್ಕ ನೋಡಿಕೊಳ್ಳುವ ನನ್ನ ಹೆಂಡತಿ. ಅವಳಷ್ಟು ಸ್ವತಂತ್ರವಾಗಿ ಮಾತನಾಡುವ ನಿರ್ದೇಶಕರು ದೊಡ್ಡ ಕಂಪನಿಗಳಲ್ಲೂ ಇರಲಿಕ್ಕಿಲ್ಲ. ಆದರೂ ‘ಸೊನ್ನೆ’ ಎಂದೇ ಬರೆದೆ.

ಸಿಡಿಮಿಡಿಗೊಳ್ಳುತ್ತಲೇ ಮುಂದುವರಿದವನಿಗೆ ವಿದ್ಯುತ್ತಿನ ಪ್ರಶ್ನೆಗೆ ಬಂದಾಗ ಮಾತ್ರ ನಾಚಿಕೆಯಾಯಿತು. ತಿಂಗಳು ತಿಂಗಳು ಬಿಲ್ ಕಟ್ಟಿದ್ದೇನೆಯೇ ಹೊರತು, ಆ ಯೂನಿಟ್‌ಗಳು ಎಲ್ಲಿ ಖರ್ಚಾಗುತ್ತವೆ ಎಂದು ಒಂದು ದಿನವೂ ನೋಡಿದವನಲ್ಲ. ಒಂದು ರಜೆಯ ದಿನ, ಉಳಿದ ಯಂತ್ರಗಳೆಲ್ಲ ನಿಂತಿದ್ದಾಗ, ಕಂಪ್ರೆಸರ್‌ನಲ್ಲಿ ಗಾಳಿ ತುಂಬಿಸಿ ಸುಮ್ಮನೆ ನಿಂತು ಕೇಳಿದೆ. ಗೋಡೆಯುದ್ದಕ್ಕೂ ಬುಸ್ ಎನ್ನುವ ಸದ್ದು. ದಿನವೂ ಲೇತ್‌ಗಳ ಗದ್ದಲದಲ್ಲಿ ಅದು ಕಿವಿಗೆ ಬಿದ್ದೇ ಇರಲಿಲ್ಲ. ಬ್ರಷ್ಷಿನಿಂದ ಸೋಪಿನ ನೀರು ಹಚ್ಚುತ್ತಾ ಹೋದರೆ ಪೈಪಿನ ಜೋಡಣೆ ಇದ್ದಲ್ಲೆಲ್ಲ ಗುಳ್ಳೆ; ಎಣಿಸಿದಾಗ 14 ಕಡೆ ಸೋರಿಕೆ. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಕಂಪ್ರೆಸರ್ ತುಂಬಿಸುವ ಗಾಳಿಯ ಶೇ 20ರಿಂದ 30ರಷ್ಟು ಹೀಗೆ ಸೋರಿಹೋಗುವುದುಂಟು ಎಂದು ಆಮೇಲೆ ತಿಳಿಯಿತು. ಟೇಪು, ವಾಷರ್, ಎರಡು ಹೊಸ ಕಪ್ಲಿಂಗ್, ಅರ್ಧ ದಿನದ ಕೆಲಸ. ಗಾಳಿಯ ಒತ್ತಡವನ್ನು ಒಂದು ಬಾರ್ ಇಳಿಸಿದೆವು. ಅಷ್ಟಕ್ಕೇ ಕಂಪ್ರೆಸರ್ ನುಂಗುವ ವಿದ್ಯುತ್ತಿನಲ್ಲಿ ಸುಮಾರು ಶೇ 7 ಉಳಿಯುತ್ತದಂತೆ. ನಮ್ಮ ಬಿಲ್ ಇಳಿದದ್ದಂತೂ ನಿಜ.

ಹಾಗಾಗಿ ಪ್ರಶ್ನೆ ಕೇಳಿದ್ದೇ ತಪ್ಪು ಎನ್ನಲಾರೆ. ಕೇಳುವುದಕ್ಕೆ ಕಾರಣವೂ ಇದೆ. ನಾನು ಜನರೇಟರಿನಲ್ಲಿ ಒಂದು ಲೀಟರ್ ಡೀಸೆಲ್ ಉರಿಸಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನನ್ನ ಲೆಕ್ಕದಲ್ಲಿ ಅದು ನೇರ ಹೊರಸೂಸುವಿಕೆ. ನನ್ನಿಂದ ಮಾಲು ಕೊಳ್ಳುವವರ ಲೆಕ್ಕದಲ್ಲಿ ‘ಸ್ಕೋಪ್ 3’, ಅಂದರೆ ಪೂರೈಕೆದಾರರಂಥ ಬೇರೆಯವರ ಮೂಲಕ ಆಗುವ ಪರೋಕ್ಷ ಹೊರಸೂಸುವಿಕೆ. ನಮ್ಮಂಥವರ ಅಂಕಿ ಸಿಗದಿದ್ದರೆ ಅವರ ವರದಿ ಪೂರ್ತಿಯಾಗುವುದಿಲ್ಲ.

ಸುರಕ್ಷತೆಯ ಭಾಗದಿಂದಲೂ ಒಂದು ಒಳ್ಳೆಯ ಅಭ್ಯಾಸ ಹುಟ್ಟಿತು. ಅಪಘಾತ ಕೂದಲೆಳೆಯಲ್ಲಿ ತಪ್ಪಿದಾಗಲೆಲ್ಲ ಬರೆದಿಡಲು ಬಾಗಿಲ ಬಳಿ ಒಂದು ನೋಟ್‌ಬುಕ್ ತೂಗುಹಾಕಿದೆ. ಎರಡು ವಾರ ಅದು ಖಾಲಿಯೇ ಇತ್ತು. ಮೊದಲ ಸಾಲು ಬರೆದವರು ನಮ್ಮ ಹಿರಿಯ ಲೇತ್ ಕೆಲಸಗಾರರು: ‘ಚಕ್ ಕೀಲಿಯನ್ನು ಚಕ್‌ನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಲು ಹೋದದ್ದು. ಮಾಡಿದವರು: ಮಾಲೀಕರು.’ (ಚಕ್ ಎಂದರೆ ಲೇತ್‌ನಲ್ಲಿ ಲೋಹದ ತುಂಡನ್ನು ಹಿಡಿದು ತಿರುಗುವ ಭಾಗ; ಕೀಲಿ ಅದರಲ್ಲೇ ಉಳಿದರೆ ಸಿಡಿದು ಬಡಿಯಬಹುದು.) ಆ ಸಾಲನ್ನು ನಾನು ಹರಿದು ಹಾಕಲಿಲ್ಲ ಎಂಬುದು ಖಾತ್ರಿಯಾದ ಮೇಲೆಯೇ ಉಳಿದವರೂ ಬರೆಯತೊಡಗಿದ್ದು. 186 ಪ್ರಶ್ನೆಗಳಲ್ಲಿ ಇದನ್ನು ಹೇಳಲು ಜಾಗವೇ ಇರಲಿಲ್ಲ. ‘ಲಿಖಿತ ಸುರಕ್ಷತಾ ನೀತಿ ಇದೆಯೇ?’ ಎಂದಷ್ಟೇ ಇತ್ತು. ನನ್ನ ಉತ್ತರ ‘ಇಲ್ಲ’.

ನನ್ನ ಪರಿಚಯದ ಉದ್ದಿಮೆದಾರರೊಬ್ಬರು ಸಲಹೆಗಾರನೊಬ್ಬನಿಂದ ಹನ್ನೆರಡು ನೀತಿಪತ್ರಗಳನ್ನು ಸಿದ್ಧರೂಪದಲ್ಲಿ ಕೊಂಡು, ಮೇಲೆ ತಮ್ಮ ಲಾಂಛನ ಹಾಕಿ, ಎಲ್ಲಕ್ಕೂ ‘ಹೌದು’ ಎಂದು ಗುರುತು ಮಾಡಿದರು. ಒಂದು ಪತ್ರದಲ್ಲಿ ಬೇರೆ ಯಾವುದೋ ಕಂಪನಿಯ ಹೆಸರು ಹಾಗೆಯೇ ಉಳಿದಿತ್ತು. ಅವರಿಗೆ ನನಗಿಂತ ಹೆಚ್ಚು ಅಂಕ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆದವನು ಹಿಂದೆ ಬೀಳುವುದಾದರೆ ಮುಂದಿನ ಸಲ ಯಾರು ತಾನೇ ‘ಇಲ್ಲ’ ಎಂದು ಬರೆಯುತ್ತಾರೆ?

ಇನ್ನೊಂದು ತೊಡಕೂ ಇದೆ. ನಮಗೆ ಮೂವರು ಗ್ರಾಹಕರು, ಮೂರು ನಮೂನೆ. ಒಬ್ಬರಿಗೆ ವಿದ್ಯುತ್ತು ಯೂನಿಟ್‌ನಲ್ಲಿ ಬೇಕು, ಇನ್ನೊಬ್ಬರಿಗೆ ಗಿಗಾಜೂಲ್‌ನಲ್ಲಿ. ಐರೋಪ್ಯ ಆಯೋಗವು 2025ರ ಜುಲೈನಲ್ಲಿ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆಂದೇ ಸ್ವಯಂಪ್ರೇರಿತ ವರದಿಯ ಮಾನದಂಡವೊಂದನ್ನು ಶಿಫಾರಸು ಮಾಡಿದೆ. ಅದರ ಮೂಲ ಭಾಗದಲ್ಲಿರುವುದು 11 ಶೀರ್ಷಿಕೆ ಮಾತ್ರ. ಒಮ್ಮೆ ತುಂಬಿದ್ದನ್ನೇ ಗ್ರಾಹಕರಿಗೂ ಬ್ಯಾಂಕಿಗೂ ಕೊಡಬಹುದು ಎಂಬುದು ಅದರ ಆಶಯ. ಇಂಥದ್ದೊಂದು ಚಿಕ್ಕ ನಮೂನೆಯನ್ನು ಎಲ್ಲರೂ ಒಪ್ಪಿಕೊಂಡರೆ ನಾನು ಪ್ರತಿವರ್ಷ ಸಂತೋಷದಿಂದ ತುಂಬಿ ಕೊಡುತ್ತೇನೆ. ಇಎಸ್‌ಜಿ ಎಂಬ ಮಾತು ಚಲಾವಣೆಗೆ ಬಂದದ್ದೇ ಬ್ಯಾಂಕುಗಳೂ ಹೂಡಿಕೆ ಸಂಸ್ಥೆಗಳೂ ವಿಶ್ವಸಂಸ್ಥೆಯ ಆಶ್ರಯದಲ್ಲಿ ಸಿದ್ಧಪಡಿಸಿದ 2004ರ ವರದಿಯಿಂದ. ಅವರಿಗೆ ಹೊಲಿದ ಅಂಗಿಯನ್ನು ನಮಗೆ ತೊಡಿಸುವಾಗ ತೋಳನ್ನಾದರೂ ಕತ್ತರಿಸಬೇಡವೇ?

ಕೊನೆಗೆ, ಈ ಪತ್ರ ಬರೆಯಲು ಕಾರಣವಾದ ಪ್ರಶ್ನೆ. 112ನೆಯದು: ‘ನಿಮ್ಮ ಕೆಲಸಗಾರರಿಗೆ ಸಂಬಳವನ್ನು ನಿಗದಿತ ದಿನಕ್ಕೆ ಕೊಡುತ್ತೀರಾ?’ ಕೊಡುತ್ತೇನೆ. ಎಷ್ಟೋ ತಿಂಗಳು ಓವರ್‌ಡ್ರಾಫ್ಟ್ ತೆಗೆದು ಕೊಡುತ್ತೇನೆ. ಯಾಕೆಂದರೆ ಆ ಪ್ರಶ್ನೆ ಕೇಳಿದವರೇ ನಮ್ಮ ಬಿಲ್‌ಗಳನ್ನು ಒಪ್ಪಂದದ 45 ದಿನಕ್ಕೆ ಪಾವತಿ ಮಾಡುವುದಿಲ್ಲ. ಸಣ್ಣವರಿಗೆ ತಡವಾಗಿ ಹಣ ಕೊಡುವುದು ಬರೀ ವ್ಯವಹಾರದ ಮಾತಲ್ಲ. ಐರೋಪ್ಯ ಒಕ್ಕೂಟವು 2023ರಲ್ಲಿ ದೊಡ್ಡ ಕಂಪನಿಗಳಿಗೆ ಅಂಗೀಕರಿಸಿದ ವರದಿ ಮಾನದಂಡಗಳಲ್ಲಿ ಪಾವತಿಯ ರೀತಿನೀತಿಯನ್ನು ಆಡಳಿತದ ಭಾಗದಲ್ಲೇ ಸೇರಿಸಲಾಗಿದೆ. ನಮಗೆ ಬಂದ ಹಾಳೆಯಲ್ಲಿ ಅದರ ಸುಳಿವೇ ಇಲ್ಲ.

ಹಾಳೆಯ ತುದಿಯಲ್ಲಿ ‘ಷರಾ’ ಎಂಬ ಕಾಲಂ ಇತ್ತು. 112ನೆಯ ಪ್ರಶ್ನೆಯ ಮುಂದೆ ನನ್ನ ಬಾಕಿ ಬಿಲ್‌ಗಳ ವಿವರ ಬರೆದೆ. ಆ ಕಾಲಂನಲ್ಲಿ ಅಂಕಿಗಳನ್ನು ಮಾತ್ರ ತುಂಬಬೇಕು, ತಿದ್ದಿ ಕಳುಹಿಸಿ ಎಂದು ಹಾಳೆ ಮರಳಿ ಬಂತು. ತಿದ್ದಿ ‘97’ ಎಂದು ಬರೆದು ಕಳುಹಿಸಿದ್ದೇನೆ. ಅದು ಬಿಲ್ ಕೊಟ್ಟು ಅಂದಿಗೆ ಕಳೆದಿದ್ದ ದಿನಗಳ ಸಂಖ್ಯೆ.

ಇಂತಿ,
ಸಣ್ಣ ಕಾರ್ಖಾನೆಯೊಂದರ ಮಾಲೀಕ
(ಹೆಸರು ಪ್ರಕಟಿಸಬಾರದಾಗಿ ವಿನಂತಿ, ಬಿಲ್ ಇನ್ನೂ ಬಾಕಿ ಇದೆ)