ಮಳೆಮಾಪಕ ಸೋಲುವ ಮರುಭೂಮಿ

ಪ್ರೀತಿಯ ಗೆಳೆಯ,

ಕಾಲ ಕೆಳಗೆ ಕಿಲೋಮೀಟರ್‌ಗಟ್ಟಲೆ ಮಂಜುಗಡ್ಡೆ ಇರುವ ಅಂಟಾರ್ಕ್ಟಿಕಾವನ್ನು ಮರುಭೂಮಿ ಅನ್ನುವುದು ಯಾವ ನ್ಯಾಯ ಅಂತ ಕೇಳಿದ್ದೀಯ. ಈ ಲೆಕ್ಕಕ್ಕೆ ಮರಳೂ ಬೇಡ, ಬಿಸಿಲೂ ಬೇಡ. ವರ್ಷವಿಡೀ ಬಿದ್ದದ್ದನ್ನೆಲ್ಲ ಕರಗಿಸಿ ಅಳೆದಾಗ 250 ಮಿ.ಮೀ. ದಾಟಬಾರದು, ಅಷ್ಟೇ. ಸದಾ ಬರದ ಸುದ್ದಿಯಲ್ಲಿರುವ ನಮ್ಮ ಚಳ್ಳಕೆರೆಗೂ 400ರ ಮೇಲೆ ಬೀಳುತ್ತದೆ. ದಕ್ಷಿಣ ಧ್ರುವಕ್ಕೆ ಸಿಗುವುದು ಸುಮಾರು 70–80. ಅಲ್ಲಿರುವ ಮಂಜುಗಡ್ಡೆ ಈ ವರ್ಷದ ದುಡಿಮೆಯಲ್ಲ, ಲಕ್ಷಾಂತರ ವರ್ಷ ಖರ್ಚಾಗದೆ ಉಳಿದ ಗಂಟು.

ಕಾರಣ ಗಾಳಿಯಲ್ಲಿದೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹೊರಬಲ್ಲದು. ಮೈನಸ್ 20ರಲ್ಲಿ ಒಂದೇ ಗ್ರಾಂ. ಮೈನಸ್ 50ರಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಕಡಲಿನಿಂದ ಬಂದ ತೇವದ ಬಹುಪಾಲು ಕರಾವಳಿಯ ಏರಿನಲ್ಲೇ ಉದುರಿಹೋಗುತ್ತದೆ. ಹಾಗಾಗಿ ಇಡೀ ಖಂಡಕ್ಕೆ ಒಂದೇ ಹಣೆಪಟ್ಟಿ ಹಚ್ಚುವುದು ತಪ್ಪು; ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪಶ್ಚಿಮ ಅಂಚಿನಲ್ಲಿ ಧಾರಾಳವಾಗಿಯೇ ಹಿಮ ಬೀಳುತ್ತದೆ.

ಅಳೆಯುವುದೇ ದೊಡ್ಡ ಫಜೀತಿ. ಮಾಮೂಲಿ ಮಳೆಮಾಪಕ ಅಲ್ಲಿ ನಡೆಯದು: ಗಾಳಿ ಹೊಸ ಹಿಮವನ್ನು ಬಾಯಿಯ ಮೇಲಿಂದಲೇ ಹಾರಿಸಿಕೊಂಡು ಹೋಗುತ್ತದೆ, ಇಲ್ಲವೇ ಎಂದೋ ಬಿದ್ದ ಹಳೇ ಹಿಮವನ್ನು ತಂದು ತುಂಬುತ್ತದೆ. ಬ್ಲಿಝರ್ಡ್ ಅನ್ನುವ ಹಿಮಬಿರುಗಾಳಿಯಲ್ಲಿ ಕಾಣುವುದೂ ಬಹುಪಾಲು ನೆಲದಿಂದೆದ್ದ ಹಳೇ ಸರಕೇ. ಅದಕ್ಕೇ ಸಾಲಾಗಿ ಕಂಬ ನೆಟ್ಟು, ವರ್ಷದ ನಂತರ ಎಷ್ಟು ಹೂತಿದೆ ನೋಡಿ, ಪಕ್ಕದಲ್ಲಿ ಗುಂಡಿ ತೋಡಿ ಸಾಂದ್ರತೆ ತೂಗುತ್ತಾರೆ. 20 ಸೆಂ.ಮೀ. ಹಿಮ, ಸಾಂದ್ರತೆ 0.35 (ನೀರಿನದು 1) ಅಂದರೆ ನೀರು 70 ಮಿ.ಮೀ. ಒಂದೇ ಕಂಬವನ್ನು ನಂಬಿದರೆ ಕೆಟ್ಟೆ: ಗಾಳಿ ಕೊರೆದ ದಿಣ್ಣೆ-ತಗ್ಗುಗಳಿಂದಾಗಿ ಪಕ್ಕದ ಕಂಬ ಬೇರೆಯೇ ಕಥೆ ಹೇಳುತ್ತದೆ.

ಅದೇ ಖಂಡದ, ಮಂಜುಗಡ್ಡೆಯೇ ಇಲ್ಲದಷ್ಟು ಬರಡಾದ ಮ್ಯಾಕ್‌ಮರ್ಡೊ ಒಣ ಕಣಿವೆಗಳಲ್ಲಿ ಬಿದ್ದ ಚೂರುಪಾರೂ ನಿಲ್ಲುವುದಿಲ್ಲ. ಎತ್ತರದಿಂದ ಜಾರಿ ಬರುವ ಗಾಳಿ ಇಳಿಯುತ್ತಾ ಬೆಚ್ಚಗಾಗಿ ಇನ್ನೂ ಒಣಗುತ್ತದೆ. ಬೀರುವಿನ ನ್ಯಾಫ್ತಲಿನ್ ಗುಳಿಗೆ ಕರಗದೆಯೇ ಸಣ್ಣಗಾಗುತ್ತದಲ್ಲ, ಹಿಮವೂ ಹಾಗೇ ನೀರಾಗದೆ ಆವಿಯಾಗುತ್ತದೆ. ದಾರಿ ತಪ್ಪಿ ಬಂದ ಸೀಲ್‌ಗಳು ಅಲ್ಲಿ ಕೊಳೆಯದೆ ಒಣಗಿ, ನೂರಾರು ವರ್ಷಗಳಿಂದ ಬಿದ್ದಿವೆ.

ಬಾಯಾರಿಕೆಯೂ ಮರುಭೂಮಿಯದ್ದೇ. ಮೈನಸ್ 30ರ ಒಂದು ಕಿಲೋ ಹಿಮವನ್ನು ನೀರು ಮಾಡಲು ಸುಮಾರು 400 ಕಿಲೋಜೂಲ್ ಬೇಕು. ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಹೆಚ್ಚುಕಮ್ಮಿ ಅಷ್ಟೇ. ಪಾತ್ರೆಗೆ ಮೊದಲು ಒಂದು ಲೋಟ ನೀರು ಹಾಕಬೇಕು. ಬರೀ ಹಿಮ ತುಂಬಿದರೆ ಕರಗಿದ ಅಷ್ಟಿಷ್ಟನ್ನು ಮೇಲಿನ ಹಿಮ ಹೀರಿಕೊಂಡು, ತಳ ಬರಿದಾಗಿ ಸೀಯುತ್ತದೆ, ನೀರಿಗೂ ಕಮಟು ವಾಸನೆ.

ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಸಂಶೋಧನಾ ನೆಲೆ ಮೈತ್ರಿ ನಿಲ್ದಾಣಕ್ಕೆ ಆ ಕಷ್ಟ ಕಡಿಮೆ. ಎದುರಿಗೇ ಪ್ರಿಯದರ್ಶಿನಿ ಸರೋವರವಿದೆ. ನಿಲ್ದಾಣ ನಿಂತಿರುವ, ಮಂಜುಗಡ್ಡೆಯಿಲ್ಲದ ಆ ಬಂಡೆನೆಲದ ಹೆಸರು ಗೊತ್ತಲ್ಲ? ಶಿರ್ಮಾಕರ್ ಓಯಸಿಸ್.

ನಿನ್ನ ಗೆಳೆಯ