ದಂಡ ಕಟ್ಟುವುದು ಇಷ್ಟು ಸುಲಭ, ಪ್ರಶ್ನೆ ಕೇಳುವುದು ಯಾಕೆ ಇಷ್ಟು ಕಷ್ಟ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅತಿವೇಗದ ದಂಡದ ನೋಟಿಸ್ ಬಂದಾಗ ಕಟ್ಟಿ ಮುಗಿಸಬೇಕೋ, ಕೋರ್ಟಿಗೆ ಹೋಗಬೇಕೋ ಎಂಬ ವಿಷಯದಲ್ಲಿ ಈ ಪತ್ರ. ಉಡುಪಿ ಕೋರ್ಟಿನ ಹತ್ತಿರ ನನಗೆ ಒಂದು ಸಣ್ಣ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಇಂಥ ನೋಟಿಸ್ ಹಿಡಿದುಕೊಂಡು ಬರುವವರನ್ನು ದಿನವೂ ನೋಡುತ್ತೇನೆ. ಈಗ ನನ್ನ ಹೆಸರಿಗೂ ಒಂದು ಬಂದಿದೆ.

ಅಂಗಡಿಗೆ ಬೇಕಾದ ಪೇಪರ್, ಟೋನರ್ ತರಲು ನಾನೇ ಕಾರಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತೇನೆ. ಹೀಗೆ ಒಂದು ದಿನ ವಾಪಸ್ ಬರುವಾಗ, ಹೆಜಮಾಡಿ ಟೋಲ್ ದಾಟಿದ ಮೇಲೆ ಒಂದು ಕಡೆ ನನ್ನ ಕಾರಿನ ವೇಗ ಗಂಟೆಗೆ 78 ಕಿಲೋಮೀಟರ್ ಇತ್ತು, ಅಲ್ಲಿನ ಮಿತಿ 60 ಎಂದು ಮೊಬೈಲಿಗೆ ಮೆಸೇಜ್ ಬಂತು. ದಂಡ ಒಂದು ಸಾವಿರ. ಲಿಂಕ್ ಒತ್ತಿದರೆ ಒಂದು ಫೋಟೋ. ನಂಬರ್ ಪ್ಲೇಟ್ ಚೆನ್ನಾಗಿ ಕಾಣುತ್ತದೆ, ಕಾರೂ ನನ್ನದೇ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಬೋರ್ಡಿನ ಬಗ್ಗೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರುಗಳಿಗೆ ಮಿತಿ 100. ಊರು, ಜಂಕ್ಷನ್ ಬಂದಲ್ಲಿ ಅದಕ್ಕಿಂತ ಕಡಿಮೆ ಮಿತಿ ಹಾಕುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ. ಹಾಕಬೇಕು ಕೂಡ. ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಓದಿ ನೋಡಿ. ಹಾಗೆ ಮಿತಿ ಹಾಕುವಾಗ ಅಧಿಸೂಚನೆ ಹೊರಡಿಸಬೇಕು, ಜೊತೆಗೆ ಸರಿಯಾದ ಜಾಗದಲ್ಲಿ ಬೋರ್ಡ್ ನಿಲ್ಲಿಸಬೇಕು ಎಂದು ಅದರಲ್ಲಿದೆ. ರಸ್ತೆಯಲ್ಲಿ ಹೋಗುವವರಿಗೆ ಮಿತಿ ಗೊತ್ತಾಗುವುದು ಆ ಬೋರ್ಡಿನಿಂದ ತಾನೇ? ಗೆಜೆಟ್ ಓದಿಕೊಂಡು ಯಾರೂ ಗಾಡಿ ಓಡಿಸುವುದಿಲ್ಲ.

ಆ ಜಾಗದಲ್ಲಿ 60ರ ಬೋರ್ಡ್ ನೋಡಿದ ನೆನಪೇ ನನಗಿರಲಿಲ್ಲ. ಮೆಸೇಜ್ ಬಂದ ಮೇಲೆ ಮಗನನ್ನು ಕರೆದುಕೊಂಡು ಹೋಗಿ ಸರ್ವಿಸ್ ರಸ್ತೆಯಲ್ಲಿ ಕಾರು ನಿಲ್ಲಿಸಿ ನಡೆದು ನೋಡಿದೆ. ಬೋರ್ಡ್ ಇದೆ. ಅದರ ಮುಂದೆ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಫ್ಲೆಕ್ಸ್. ಫ್ಲೆಕ್ಸಿನ ಒಂದು ಬದಿಯ ಪ್ಲಾಸ್ಟಿಕ್ ಹಗ್ಗವನ್ನು ವೇಗಮಿತಿ ಬೋರ್ಡಿನ ಕಂಬಕ್ಕೇ ಸುತ್ತಿ ಬಿಗಿದಿದ್ದಾರೆ. ಮಂಗಳೂರು ಕಡೆಯಿಂದ ಬರುವವರಿಗೆ ಕೆಂಪು ವೃತ್ತದ ಕೆಳಗಿನ ಒಂದು ತುಂಡು ಮಾತ್ರ ಕಾಣುತ್ತದೆ. ಅಂಕಿ ಕಾಣುವುದಿಲ್ಲ. ಫ್ಲೆಕ್ಸಿನಲ್ಲಿ ಕಾರ್ಯಕ್ರಮದ ತಾರೀಕುಗಳಿದ್ದವು. ಉತ್ಸವ ಮುಗಿದದ್ದು ನನಗೆ ದಂಡ ಬಿದ್ದ ದಿನಕ್ಕಿಂತ ಮೊದಲು. ಮುಗಿದ ಉತ್ಸವಕ್ಕೆ ಯಾರೂ ಹೊಸದಾಗಿ ಫ್ಲೆಕ್ಸ್ ಕಟ್ಟುವುದಿಲ್ಲ. ಅಂದರೆ ನಾನು ಆ ದಾರಿಯಲ್ಲಿ ಬಂದ ದಿನವೂ ಅದು ಅಲ್ಲೇ ಇತ್ತು. ಮಗ ದೂರದಿಂದ, ಹತ್ತಿರದಿಂದ, ಕಾರಿನ ಸೀಟಿನಲ್ಲಿ ಕೂತು ಹೀಗೆ ಎಲ್ಲ ಕಡೆಯಿಂದ ಫೋಟೋ ತೆಗೆದ.

ವೇಗಕ್ಕೆ ದಂಡ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಹೆದ್ದಾರಿ 66 ನಾಲ್ಕು ಪಥ ಆದ ಮೇಲೆ ಪಡುಬಿದ್ರಿ, ಉಚ್ಚಿಲ, ಕಟಪಾಡಿಯಂಥ ಕಡೆ ರಸ್ತೆ ದಾಟುವುದು ಎಷ್ಟು ಕಷ್ಟ ಎಂದು ಅಲ್ಲಿಯವರನ್ನು ಕೇಳಿ. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಡಿವೈಡರ್ ಮೇಲೆ ನಿಂತು ಎರಡೂ ಕಡೆ ನೋಡುತ್ತಿರುತ್ತಾರೆ. ಮೀನು ಮಾರುವ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ದಾಟುತ್ತಾರೆ. ಅಲ್ಲಿ 60 ಬೇಕೇ ಬೇಕು, ಕ್ಯಾಮರಾವೂ ಬೇಕು. ಹಾಗಾಗಿಯೇ ಬೋರ್ಡ್ ಕಾಣಬೇಕು ಎಂದು ಹೇಳುತ್ತಿದ್ದೇನೆ. ಬೋರ್ಡ್ ನೋಡಿ ಗಾಡಿ ನಿಧಾನ ಆದರೆ ಮಗು ಉಳಿಯುತ್ತದೆ. ಗಾಡಿ ದಾಟಿ ಹೋದ ಮೇಲೆ ಬರುವ ಮೆಸೇಜಿನಿಂದ ಆ ಹೊತ್ತಿಗೆ ಯಾರಿಗೂ ಪ್ರಯೋಜನ ಇಲ್ಲ.

ಇನ್ನು ಕೋರ್ಟಿನ ವಿಚಾರ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು. "ಸಾವಿರ ರೂಪಾಯಿಗೆ ಯಾಕೆ ಮಾರಾಯ್ರೆ, ಸುಮ್ನೆ ಕಟ್ಟಿ ಬಿಡಿ." ಕೆಲವರು ಇನ್ನೂ ಮುಂದೆ ಹೋಗಿ, "ಈಗ ಕಟ್ಟಬೇಡಿ, ಅರ್ಧ ಮಾಡುವಾಗ ಕಟ್ಟಿ" ಎಂದರು. ಅವರು ಹೇಳಿದ್ದರಲ್ಲೂ ಅರ್ಥ ಇದೆ. ನಮ್ಮ ರಾಜ್ಯದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟರು. 2025ರಲ್ಲೂ ಕೊಟ್ಟರು. ಆ ದಿನಗಳಲ್ಲಿ ನನ್ನ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವವರ ಸಾಲು ಜಾಸ್ತಿ ಇತ್ತು. ತಪ್ಪು ಒಪ್ಪಿಕೊಂಡು ಕಾದು ಕೂತವರಿಗೆ ಅರ್ಧ ಮಾಫಿ. ಬೋರ್ಡೇ ಕಾಣಲಿಲ್ಲ ಸ್ವಾಮೀ ಎನ್ನುವವರ ಮಾತು ಕೇಳಲು ಅಂಥ ಒಂದು ದಿನವನ್ನೂ ಯಾರೂ ಇಟ್ಟಿಲ್ಲ.

ಮಲ್ಪೆಯಿಂದ ಮೀನಿನ ಟೆಂಪೋ ಓಡಿಸುವ ಒಬ್ಬರು ಇಂಥದೇ ನೋಟಿಸ್ ತಂದಿದ್ದರು. ಆ ಹೊತ್ತಿಗೆ ಗಾಡಿ ಬಂದರಿನಲ್ಲೇ ನಿಂತಿತ್ತು ಎಂದು ಅವರ ವಾದ. ಲೋಡ್ ಹಾಕಿದ ಚೀಟಿ ಕೂಡ ಜೇಬಿನಲ್ಲಿತ್ತು. ಅದರ ಜೆರಾಕ್ಸ್ ತೆಗೆಸಿದರು. ಬಾಗಿಲ ಹತ್ತಿರ ಹೋದವರು ಸ್ವಲ್ಪ ಹೊತ್ತು ನಿಂತು ವಾಪಸ್ ಬಂದರು. "ಅಕ್ಕಾ, ಒಂದು ದಿನ ಇಲ್ಲಿ ನಿಂತರೆ ಬಾಡಿಗೆ ಹೋಯ್ತು. ವಾಯಿದೆ ಮುಂದೆ ಹೋದರೆ ಇನ್ನೊಂದು ದಿನ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಬೇರೆ ಹತ್ತಿರ ಬಂತು" ಎಂದು ನನ್ನ ಅಂಗಡಿಯಲ್ಲೇ ಮೊಬೈಲಿನಲ್ಲಿ ಹಣ ಕಟ್ಟಿದರು. ಅವರು ಹೇಳಿದ್ದು ನಿಜವೋ ಅಲ್ಲವೋ ನಾನು ತೀರ್ಮಾನ ಮಾಡಲಾರೆ. ತೀರ್ಮಾನ ಮಾಡಬೇಕಾದವರ ಎದುರಿಗೆ ಆ ಚೀಟಿ ಹೋಗಲೇ ಇಲ್ಲ ಎಂಬುದಷ್ಟೇ ನನ್ನ ಬೇಸರ.

ಕಾನೂನಿನಲ್ಲೇ ಈ ವ್ಯತ್ಯಾಸ ಇದೆ. ಅದೇ ಕಾಯ್ದೆಯ 208ನೇ ಸೆಕ್ಷನ್ ಪ್ರಕಾರ ಸಮನ್ಸ್ ಬಂದವರು ಕೋರ್ಟಿಗೆ ಬರದೆಯೇ ತಪ್ಪು ಒಪ್ಪಿಕೊಳ್ಳಬಹುದು. ಹಣವನ್ನು ಮನಿಯಾರ್ಡರ್ ಮಾಡಿ, ಅದರ ಕೂಪನ್ನಿನಲ್ಲೇ ತಪ್ಪೊಪ್ಪಿಗೆ ಬರೆದರೆ ಸಾಕು. 1988ರ ಕಾಯ್ದೆ ಬರೆದವರು ಒಪ್ಪಿಕೊಳ್ಳುವವರಿಗೆ ಅಷ್ಟು ಅನುಕೂಲ ಮಾಡಿಕೊಟ್ಟಿದ್ದಾರೆ. ಒಪ್ಪದವರು ಖುದ್ದಾಗಿ ಬರಬೇಕು, ಇಲ್ಲವೇ ವಕೀಲರನ್ನು ಇಡಬೇಕು. ಅಂದು ಅಂಚೆ, ಇಂದು ಮೊಬೈಲ್. ಹಣ ಕಟ್ಟುವ ದಾರಿ ಮಾತ್ರ ದಿನದಿಂದ ದಿನಕ್ಕೆ ಹತ್ತಿರ ಆಗುತ್ತಿದೆ.

ಹಾಗೆಂದು ಪ್ರಶ್ನೆ ಮಾಡುವವರಿಗೆ ಕಾನೂನಿನಲ್ಲಿ ಆಧಾರವೇ ಇಲ್ಲ ಎಂದಲ್ಲ. ಅಂಗಡಿಗೆ ಬರುವ ವಕೀಲರ ಹತ್ತಿರ ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ, ಓದುಗರಿಗೆ ಉಪಯೋಗ ಆಗಲಿ. "ಜೋರಾಗಿ ಹೋಗುತ್ತಿದ್ದ ಹಾಗೆ ಕಂಡಿತು" ಎಂದು ಒಬ್ಬ ಸಾಕ್ಷಿ ಹೇಳಿದ ಮಾತ್ರಕ್ಕೆ ಅತಿವೇಗದ ಶಿಕ್ಷೆ ಕೊಡುವಂತಿಲ್ಲ. ಯಂತ್ರದಿಂದ ಅಳೆದ ಲೆಕ್ಕ ಇರಬೇಕು. ಇದು 183ನೇ ಸೆಕ್ಷನ್‌ನ ಮೂರನೇ ಉಪವಿಭಾಗ. ಯಂತ್ರದ ಬಗ್ಗೆಯೂ ನಿಯಮ ಇದೆ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂದು ಸೇರಿಸಿದರು. ಸ್ಪೀಡ್ ಗನ್ ಇರಲಿ, ಕ್ಯಾಮರಾ ಇರಲಿ, ಅದಕ್ಕೆ ಅನುಮೋದನೆಯ ಸರ್ಟಿಫಿಕೇಟ್ ಬೇಕು, ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಕ್ಯಾಮರಾ ಇರುವ ರಸ್ತೆಯಲ್ಲಿ ಮೊದಲೇ ಎದ್ದು ಕಾಣುವ ಹಾಗೆ ಎಚ್ಚರಿಕೆಯ ಬೋರ್ಡ್ ಇರಬೇಕು. ಪ್ರಕರಣ ಮುಗಿಯುವವರೆಗೆ ದಾಖಲೆ ಉಳಿಸಿಡಬೇಕು. ಚಲನ್ ಜೊತೆ ಫೋಟೋ, ಅಳತೆ, ಜಾಗ, ಸಮಯ ಇವಲ್ಲದೆ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಪ್ರಮಾಣಪತ್ರವೂ ಇರಬೇಕು. ನನಗೆ ಬಂದ ಲಿಂಕಿನಲ್ಲಿ ಫೋಟೋ ಮತ್ತು ಅಂಕಿ ಇತ್ತು. ಯಂತ್ರದ ಸರ್ಟಿಫಿಕೇಟ್ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ.

ಖರ್ಚಿನ ಲೆಕ್ಕವನ್ನೂ ಹಾಕಿದ್ದೇನೆ. ಕಾಯ್ದೆಯಲ್ಲಿ ಕಾರಿನಂಥ ಹಗುರ ವಾಹನಕ್ಕೆ ಅತಿವೇಗದ ದಂಡ ಒಂದು ಸಾವಿರದಿಂದ ಎರಡು ಸಾವಿರದವರೆಗೆ. ಸೋತರೆ ಈಗಿನದಕ್ಕಿಂತ ಜಾಸ್ತಿ ಬೀಳಬಹುದು. ವಕೀಲರ ಫೀಸು ಬೇರೆ. ಅಂಗಡಿ ಮುಚ್ಚುವ ನಷ್ಟ ಬೇರೆ. ಇನ್ನೊಂದು ಕಡೆ, ಎರಡನೇ ಸಲ ಇದೇ ತಪ್ಪಾದರೆ ಲೈಸೆನ್ಸ್ ಜಪ್ತಿ ಎಂದು 2019ರ ತಿದ್ದುಪಡಿಯಲ್ಲಿದೆ. ಟೆಂಪೋ, ರಿಕ್ಷಾ ಓಡಿಸಿ ಬದುಕುವವರಿಗೆ ಲೈಸೆನ್ಸ್ ಅಂದರೆ ಮನೆಯ ಅನ್ನ. ಅಂಥವರು ಇದನ್ನು ಬರೀ ಸಾವಿರ ರೂಪಾಯಿಯ ಮಾತು ಎಂದು ನೋಡಬಾರದು.

ಹೆಂಗಸರಿಗೆ ಒಂದು ವಿಷಯ ಹೇಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬೇಕು. ಆ ಅರ್ಜಿಯ ಜೆರಾಕ್ಸ್ ನಾನು ಬೇರೆಯವರಿಗೆ ತೆಗೆದುಕೊಡುತ್ತಲೇ ಇರುತ್ತೇನೆ. ನಾನೇ ಕೊಡಬೇಕೇ ಎಂದು ಮನಸ್ಸಿಗೆ ಇರಿಸುಮುರಿಸಾಯಿತು. ಗಂಡನ ಹೊಡೆತ ತಾಳಲಾರದೆ ಬಂದವರು, ಜೀವನಾಂಶಕ್ಕೆ ಅಲೆಯುವವರು ಅಲ್ಲಿ ಬೆಂಚಿನ ಮೇಲೆ ಕೂತಿರುತ್ತಾರೆ. ಅವರಿಗೆ ಸಿಗಬೇಕಾದ ವಕೀಲರ ಸಮಯವನ್ನು ನನ್ನ ಕಾರಿನ ದಂಡಕ್ಕೆ ಬಳಸುವುದು ಸರಿ ಅನಿಸಲಿಲ್ಲ. ಹಾಗಾಗಿ ನನ್ನ ಮಾತನ್ನು ನಾನೇ ಹೇಳುತ್ತೇನೆ. ಫೋಟೋಗಳಿವೆ, ತಾರೀಕು ಇದೆ. ಆದರೆ ಕೈಯಲ್ಲಿ ಹಣ ಇಲ್ಲದ ಹೆಂಗಸರಿಗೆ ಇಂಥ ನೋಟಿಸ್ ತಪ್ಪಾಗಿ ಬಂದಿದ್ದರೆ ಖಂಡಿತ ಅರ್ಜಿ ಕೊಡಲಿ. ಅವರು ಸಂಕೋಚ ಪಡಬೇಕಾಗಿಲ್ಲ.

ನಾನು ದಂಡ ಕಟ್ಟಿಲ್ಲ. ಸಮನ್ಸ್ ಬಂದಾಗ ಹೋಗುತ್ತೇನೆ. ನ್ಯಾಯಾಧೀಶರು ನನ್ನ ಫೋಟೋ ನೋಡಿ, ಬೋರ್ಡ್ ಕಾಣದಿದ್ದರೂ ಜನವಸತಿ ಇರುವ ಕಡೆ ನಿಧಾನ ಮಾಡಬೇಕಿತ್ತು ಎಂದರೆ ಕಟ್ಟುತ್ತೇನೆ. ಕೇಳಿಸಿಕೊಂಡು ಹೇಳಿದ ಮಾತಿಗೆ ತಲೆಬಾಗಲು ನನಗೆ ಕಷ್ಟ ಇಲ್ಲ. ಗೆದ್ದರೂ ನನಗೆ ಉಳಿಯುವುದು ಏನೂ ಇಲ್ಲ, ಓಡಾಟಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತದೆ. ಆದರೂ ಆ ಬೋರ್ಡ್ ಮುಚ್ಚಿಹೋಗಿತ್ತು ಎಂಬುದು ಒಂದು ಸರ್ಕಾರಿ ಕಡತದಲ್ಲಿ ದಾಖಲಾಗಬೇಕು ಎಂದು ನನಗೆ ಅನಿಸಿದೆ. ಎಲ್ಲರೂ ಸುಮ್ನೆ ಕಟ್ಟುತ್ತಾ ಹೋದರೆ ಬೋರ್ಡ್ ಸರಿ ಇಲ್ಲ ಎಂದು ಯಾರಿಗೂ ಗೊತ್ತೇ ಆಗುವುದಿಲ್ಲ, ಅಲ್ವಾ? ಅಷ್ಟೂ ದಂಡ ವಸೂಲಾಯಿತು, ಎಲ್ಲ ಸರಿ ಇದೆ ಎಂದೇ ಲೆಕ್ಕ.

ಪೊಲೀಸ್ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ. ನೋಟಿಸಿನ ಲಿಂಕಿನಲ್ಲಿ ಕಾರಿನ ಫೋಟೋ ಜೊತೆ ಆ ಜಾಗದ ವೇಗಮಿತಿ ಬೋರ್ಡಿನ ಫೋಟೋವನ್ನೂ ಯಂತ್ರದ ಆ ವರ್ಷದ ಸರ್ಟಿಫಿಕೇಟನ್ನೂ ಹಾಕಿ. ಇವೆರಡು ಕಣ್ಣೆದುರು ಇದ್ದರೆ ಬಹಳ ಜನ ಕೋರ್ಟಿನ ಯೋಚನೆಯನ್ನೇ ಮಾಡುವುದಿಲ್ಲ, ನೋಡಿ ಒಪ್ಪಿ ಕಟ್ಟುತ್ತಾರೆ. ತಕರಾರು ಇರುವವರು ಫೋಟೋ, ಚೀಟಿ ಅದೇ ಲಿಂಕಿನಲ್ಲಿ ಕಳಿಸುವ ಹಾಗಾದರೆ ಟೆಂಪೋದವರು ಬಾಡಿಗೆ ಬಿಟ್ಟು ಬರಬೇಕಾಗಿಲ್ಲ. ಹಣ ಆ ದಾರಿಯಲ್ಲಿ ಹೋಗುವುದಾದರೆ ಕಾಗದವೂ ಹೋಗಲಿ.

ದೇವಸ್ಥಾನದ ಸಮಿತಿಗಳಿಗೂ ಕ್ಲಬ್‌ಗಳಿಗೂ ಕೈಮುಗಿದು ಕೇಳುತ್ತೇನೆ. ನಿಮ್ಮ ಉತ್ಸವಕ್ಕೆ ನಾವೂ ಬರುವವರೇ, ಹೊರೆಕಾಣಿಕೆ ಕೊಡುವವರೇ. ಫ್ಲೆಕ್ಸ್ ಕಟ್ಟುವ ಹುಡುಗರಿಗೆ ಒಂದು ಮಾತು ಹೇಳಿ, ಸಂಚಾರದ ಬೋರ್ಡಿನ ಕಂಬ ಮುಟ್ಟಬೇಡಿ ಎಂದು. ಉತ್ಸವ ಮುಗಿದ ಮರುದಿನ ಬಿಚ್ಚಿಸಿ. ಸಂಚಾರ ಫಲಕವನ್ನು ಮರೆ ಮಾಡುವ ಜಾಹೀರಾತು ತೆಗೆಸುವ ಅಧಿಕಾರವನ್ನು ಪೊಲೀಸ್ ಅಧಿಕಾರಿಗೆ ಕೊಡಬಹುದು ಎಂದು ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್‌ನಲ್ಲೂ ಇದೆ. ನಮ್ಮೂರಲ್ಲಿ ಅದನ್ನು ಬಳಸುವ ಹೊತ್ತು ಬಂದಿದೆ.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯವರು ಒಮ್ಮೆ ಹೆಜಮಾಡಿಯಿಂದ ಬೈಂದೂರು ತನಕ ಹೆದ್ದಾರಿಯ ಎರಡೂ ಬದಿಯಲ್ಲಿ ಬೋರ್ಡುಗಳನ್ನು ನೋಡುತ್ತಾ ಬರಲಿ. ಮರದ ಕೊಂಬೆ, ಫ್ಲೆಕ್ಸ್, ಅಂಗಡಿಯ ಬೋರ್ಡು ಎಲ್ಲಿ ಯಾವುದು ಅಡ್ಡ ಇದೆ ಎಂದು ಬರೆದುಕೊಂಡು, ಆ ಪಟ್ಟಿಯನ್ನು ನಿಮ್ಮ ಪತ್ರಿಕೆಗೂ ಕೊಡಲಿ. ನನ್ನ ಕಡೆಯ ಫೋಟೋಗಳು ಬೇಕಿದ್ದರೆ ಕೊಡಲು ಸಿದ್ಧಳಿದ್ದೇನೆ. ಪ್ರಕರಣ ಕೋರ್ಟಿಗೆ ಹೋಗಲಿರುವ ಕಾರಣ ಹೆಸರು ಪ್ರಕಟಿಸಬೇಡಿ ಎಂದು ಕೋರಿಕೆ.

ಇಂತು,
ಜೆರಾಕ್ಸ್ ಅಂಗಡಿ ನಡೆಸುವ ಓದುಗಳು,
ಉಡುಪಿ