ಗುರುಗಳ ನಿವೃತ್ತಿಯ ಸಂಕಿರಣಕ್ಕೆ ಮುನ್ನ

ಮೈಸೂರು

ಚಿರಂಜೀವಿ ಪುಟ್ಟಿಗೆ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಪ್ರೊಫೆಸರರ ನಿವೃತ್ತಿಯ ನಿಮಿತ್ತ ನಿಮ್ಮ ಸಂಸ್ಥೆಯಲ್ಲಿ ಜೀವಕೋಶ ವಿಜ್ಞಾನ ಮತ್ತು ಕ್ಯಾನ್ಸರ್ ಕುರಿತು ಎರಡು ದಿನಗಳ ವಿಚಾರ ಸಂಕಿರಣ ನಡೆಯಲಿದೆಯೆಂದೂ, ಅದರಲ್ಲಿ ನಿನಗೂ ಇಪ್ಪತ್ತು ನಿಮಿಷ ಮಾತನಾಡುವ ಅವಕಾಶ ದೊರೆತಿದೆಯೆಂದೂ ತಿಳಿದು ಬಹಳ ಸಂತೋಷವಾಯಿತು. ನೀನು ಕಳುಹಿಸಿದ ಕರಡನ್ನು ಎರಡು ಸಲ ಓದಿದೆ. ಮೊದಲ ಎಂಟು ನಿಮಿಷ ಗುರುಗಳ ಗುಣಗಾನಕ್ಕೇ ಹೋಗಿದೆ. ನೀನು ಐದು ವರ್ಷ ಹಗಲಿರುಳೆನ್ನದೆ ಮಾಡಿದ ಕೆಲಸ ಕೊನೆಯಲ್ಲಿ ಓಡೋಡಿ ಮುಗಿಯುತ್ತದೆ. ಅದನ್ನು ಬದಲಿಸೆಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಗುರುಗಳು ನಿವೃತ್ತರಾದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶಾಲು, ಹಾರ, ಪೇಟ, ಸ್ಮರಣಿಕೆಗಳೆಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿ, ಹೊರಗಿನಿಂದ ಬಂದಿದ್ದ ಮೂವರು ತಜ್ಞರಿಗೆ ಸೇರಿ ಒಂದು ಗಂಟೆ ಉಳಿಯಿತು. ಪ್ರತಿಯೊಂದು ಸ್ಲೈಡಿಗೂ 'ಯಾಕೆ ಹಾಗೆನ್ನುತ್ತೀಯಮ್ಮ?' ಎಂದು ಜೀವಮಾನವಿಡೀ ಕೇಳಿದವರ ಎದುರು ಅಂದು ಯಾರೂ ಒಂದು ಪ್ರಶ್ನೆಯನ್ನೂ ಎತ್ತಲಿಲ್ಲ. ವೇದಿಕೆಯ ಮೇಲೆ ಅವರು ಸುಮ್ಮನೆ ಕುಳಿತಿದ್ದುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿನ್ನ ಮಾತನ್ನು ಪ್ರಶ್ನೆಯಿಂದಲೇ ಆರಂಭಿಸು. ನಿನ್ನ ಪ್ರೊಫೆಸರರು ಬದುಕಿನುದ್ದಕ್ಕೂ ಬೆನ್ನು ಹತ್ತಿದ್ದು ಒಂದೇ ಪ್ರಶ್ನೆಯನ್ನು: ಕೋಶ ಒಡೆದು ಎರಡಾಗುವಾಗ, ವಂಶವಾಹಿಗಳನ್ನು ಹೊತ್ತ ವರ್ಣತಂತುಗಳ (ಕ್ರೋಮೋಸೋಮುಗಳ) ಹಂಚಿಕೆ ತಪ್ಪಿದರೆ ಕ್ಯಾನ್ಸರ್ ಬರುತ್ತದೆಯೇ, ಅಥವಾ ಕ್ಯಾನ್ಸರ್ ಬಂದ ಮೇಲೆ ಹಂಚಿಕೆ ತಪ್ಪುತ್ತದೆಯೇ? ರೋಗಿಗಳಿಂದ ತೆಗೆದ ಅಂಗಾಂಶದ ಚೂರುಗಳ, ಅಂದರೆ ಬಯಾಪ್ಸಿಯ, ಗಾಜಿನ ಸ್ಲೈಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ನಾನೂ ಇದನ್ನು ಕಂಡವಳೇ. ಗುಲಾಬಿ ಬಣ್ಣದ ಹಿನ್ನೆಲೆಯಲ್ಲಿ ಕಡುನೀಲಿಯ ವರ್ಣತಂತುಗಳು ಎರಡು ದಿಕ್ಕಿಗೆ ಸರಿಯಬೇಕಾದಲ್ಲಿ ಮೂರು ದಿಕ್ಕಿಗೆ ಚಾಚಿಕೊಂಡು, ಮೂರು ಕಾಲಿನ ನಕ್ಷತ್ರದಂತೆ ನಿಂತಿರುತ್ತಿದ್ದವು. ಅದು ಕಂಡರೆ ವರದಿಯಲ್ಲಿ ಒಂದು ಸಾಲು ಬರೆದು ಮುಂದಿನ ಸ್ಲೈಡಿಗೆ ಹೋಗುತ್ತಿದ್ದೆ. ಜರ್ಮನಿಯ ಜೀವವಿಜ್ಞಾನಿ ಥಿಯೋಡೋರ್ ಬೊವೆರಿ ಮಾತ್ರ ಅಲ್ಲಿಗೇ ಬಿಡಲಿಲ್ಲ. ಎರಡು ವೀರ್ಯಾಣುಗಳು ಹೊಕ್ಕ ಕಡಲ ಮುಳ್ಳುಚೆಂಡೆಂಬ ಪ್ರಾಣಿಯ (ಸೀ ಅರ್ಚಿನ್) ಮೊಟ್ಟೆಗಳಲ್ಲಿ ವರ್ಣತಂತುಗಳು ಅಡ್ಡಾದಿಡ್ಡಿಯಾಗಿ ಹಂಚಿಹೋಗಿ ಭ್ರೂಣಗಳು ಕೆಡುವುದನ್ನು ನೋಡಿದ ಅವರು, ಗಡ್ಡೆಗಳ ಮೂಲವೂ ಇಂಥದೇ ಇರಬಹುದೆಂದು 1914ರಲ್ಲಿ ಬರೆದರು. ಆಗ ಮನುಷ್ಯರ ವರ್ಣತಂತುಗಳು ಎಷ್ಟೆಂಬುದೇ ಸರಿಯಾಗಿ ಗೊತ್ತಿರಲಿಲ್ಲ, 46 ಎಂದು ಸರಿಯಾಗಿ ಎಣಿಸಿದ್ದೇ 1956ರಲ್ಲಿ. ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ವರ್ಣತಂತುಗಳನ್ನು ಸಾಲಾಗಿ ನಿಲ್ಲಿಸುವ ಪ್ರೋಟೀನೊಂದನ್ನು ತಗ್ಗಿಸಿದ ಇಲಿಗಳಲ್ಲಿ ಶ್ವಾಸಕೋಶದ ಗಡ್ಡೆಗಳು ಹೆಚ್ಚಿ, ಯಕೃತ್ತಿನ ಗಡ್ಡೆಗಳು ಕಡಿಮೆಯಾದವೆಂದು 2007ರಲ್ಲಿ ಪ್ರಕಟವಾಯಿತಲ್ಲ, ಅದನ್ನು ಮುಂದಿಟ್ಟುಕೊಂಡು ನಿನ್ನ ಫಲಿತಾಂಶ ಯಾವ ಕಡೆಗೆ ವಾಲುತ್ತದೆಂದು ಧೈರ್ಯವಾಗಿ ಹೇಳು. ಗುರುಗಳ ಹಳೆಯ ನಿಲುವಿಗೆ ಅದು ಒಪ್ಪದಿದ್ದರೂ ಹೇಳು.

ಇನ್ನೊಂದು ಮಾತು, ಇದು ಮುಖ್ಯವಾದದ್ದು. ಎರಡನೆಯ ವರ್ಷ ನೀನು ನನಗೆ ಫೋನ್ ಮಾಡಿ ಅತ್ತದ್ದು ನೆನಪಿದೆಯೇ? ಸ್ತನ ಕ್ಯಾನ್ಸರಿನದೆಂದು ನಂಬಿದ್ದ ಸೆಲ್ ಲೈನ್ (ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಕೋಶಗಳ ಸಂತತಿ) ವಾಸ್ತವದಲ್ಲಿ ಹೀಲಾ, ಅಂದರೆ ಬೇರೊಬ್ಬರ ಗರ್ಭಕಂಠದ ಕ್ಯಾನ್ಸರಿನ ಕೋಶಗಳು, ಎಂದು ತಿಳಿದು, ಏಳು ತಿಂಗಳ ಕೆಲಸ ನೀರುಪಾಲಾಗಿತ್ತು. ಪ್ರೊಫೆಸರರು ನಿನ್ನನ್ನು ಬೈಯದೆ, ಪ್ರಯೋಗಾಲಯದ ಎಲ್ಲ ಸೆಲ್ ಲೈನುಗಳಿಗೂ ಡಿಎನ್‌ಎ ಗುರುತಿನ ಪರೀಕ್ಷೆ ಮಾಡಿಸಿದರೆಂದು ನೀನೇ ಹೇಳಿದ್ದೆ. ಕರಡಿನಲ್ಲಿ ಇದರ ಸುಳಿವೇ ಇಲ್ಲ. 'ಮಹಾನ್ ಚೇತನ' ಎಂಬ ಮಾತನ್ನು ಮೂರು ಕಡೆ ಬರೆದಿದ್ದೀಯೆ. ಅವೆಲ್ಲವನ್ನೂ ತೆಗೆದು ಈ ಒಂದು ಪ್ರಸಂಗವನ್ನು ಹೇಳಿದರೆ ಅವರು ಎಂಥ ಗುರುಗಳೆಂಬುದು ಸಭೆಗೆ ತಾನಾಗಿ ತಿಳಿಯುತ್ತದೆ. ನಾಚಿಕೊಳ್ಳಬೇಡ. 1966ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬೆಡ್‌ಫರ್ಡ್‌ನಲ್ಲಿ ನಡೆದ ಸಮ್ಮೇಳನದಲ್ಲಿ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್, ಬೇರೆ ಬೇರೆ ಜನರಿಂದ ಬಂದವೆಂದು ಭಾವಿಸಲಾಗಿದ್ದ 18 ಸೆಲ್ ಲೈನುಗಳಿಗೆ ಹೀಲಾ ಬೆರೆತಿರುವಂತಿದೆಯೆಂದು, ಅವುಗಳ ಮೇಲೆ ವರ್ಷಗಟ್ಟಲೆ ದುಡಿದವರ ಎದುರಿಗೇ ತಿಳಿಸಿದರು. ಆ ಮಾತು ಅಂದು ಅನೇಕರಿಗೆ ಹಿಡಿಸಲಿಲ್ಲ. ಹೀಲಾ ಎಂದು ಹೇಳುವಾಗ ಹೆನ್ರಿಯೆಟಾ ಲ್ಯಾಕ್ಸ್ ಅವರ ಪೂರ್ತಿ ಹೆಸರನ್ನೂ ಹೇಳು. 1951ರಲ್ಲಿ ಅವರನ್ನು ಕೇಳದೆಯೇ ತೆಗೆದ ಕೋಶಗಳವು.

ನಮ್ಮ ವಿಭಾಗದಲ್ಲಿ ತೆಳ್ಳಗೆ ಕೊಯ್ಯುವ ಯಂತ್ರವಾದ ಮೈಕ್ರೋಟೋಮಿನ ಮುಂದೆ ಕುಳಿತು ಇಪ್ಪತ್ತೆಂಟು ವರ್ಷ ಅಂಗಾಂಶಗಳನ್ನು ಕೊಯ್ದ ಟೆಕ್ನಿಷಿಯನ್ ಒಬ್ಬರಿದ್ದರು. ಅಂಗಾಂಶವನ್ನು ಒಳಗೊಂಡ, ಕೂದಲೆಳೆಗಿಂತ ತೆಳ್ಳಗಿನ ಮೇಣದ ಪಟ್ಟಿ ಬೆಚ್ಚನೆಯ ನೀರಿನ ಮೇಲೆ ಸುಕ್ಕು ಬಿಟ್ಟು ಹರಡಿಕೊಳ್ಳುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆಮೇಲೆ ಗಾಜಿನ ಸ್ಲೈಡನ್ನು ಓರೆಯಾಗಿ ಮುಳುಗಿಸಿ ಅದನ್ನು ಎತ್ತುತ್ತಿದ್ದರು. ಗುರುಗಳ ಬೀಳ್ಕೊಡುಗೆಯ ದಿನ ಅವರು ಬಾಗಿಲ ಬಳಿ ನಿಂತೇ ಇದ್ದರು, ಅವರ ಹೆಸರನ್ನು ಯಾರೂ ಹೇಳಲಿಲ್ಲ, ಹೇಳಬೇಕಾಗಿದ್ದವಳು ನಾನು. ನಿನ್ನ ಕೋಶಗಳಿಗೆ ಭಾನುವಾರವೂ ಬಂದು ಮೀಡಿಯಾ (ಕೋಶಗಳು ಬೆಳೆಯುವ ಪೋಷಕ ದ್ರವ) ಬದಲಿಸುತ್ತಿದ್ದ ನಿಮ್ಮ ಸಹಾಯಕರನ್ನು ಮೊದಲ ಸಾಲಿನಲ್ಲಿ ಕೂರಿಸು, ಅವರ ಹೆಸರನ್ನು ಕೊನೆಯ ಸ್ಲೈಡಿಗೆ ಬಿಡದೆ ಅವರ ಕೆಲಸದ ಚಿತ್ರ ಬಂದಲ್ಲಿಯೇ ಹೇಳು.

ಮುಂದಿನ ಶನಿವಾರ ಬಂದರೆ ಹೊಸ ಕರಡನ್ನು ನನ್ನೆದುರು ಗಟ್ಟಿಯಾಗಿ ಓದು. ಗಡಿಯಾರ ಹಿಡಿದು ಕೂರುತ್ತೇನೆ.

ಇತಿ ನಿನ್ನ ಪ್ರೀತಿಯ
ಅತ್ತೆ